ಎಡಗೈಯ ಕಲ್ಲು

ನಮ್ಮ ಕಾಕಾರ ಎಡಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ದ್ರಾಕ್ಷಿ ಬಳ್ಳಿ ಸವರುವ ಕತ್ತರಿಗಳೆಲ್ಲ ಬಲಗೈಯವರಿಗೆಂದೇ ಮಾಡಿದವು. ಎಡಚರಾದ ಕಾಕಾ ಜೀವಮಾನವಿಡೀ ಅವನ್ನೇ ಹಿಡಿದರು. ಬೆರಳೇ ಸೋತು ಕತ್ತರಿಗೆ ಒಗ್ಗಿಕೊಂಡಿತು. ಅಪ್ಪ ತೀರಿಕೊಂಡ ಮೇಲೆ ನಾನು ಐನಾಪುರದಲ್ಲಿ ಬೆಳೆದದ್ದು ಆ ಸೊಟ್ಟ ಬೆರಳು ಹಿಡಿದುಕೊಂಡೇ.

ಬೇಸಿಗೆಯಲ್ಲಿ ಕೃಷ್ಣೆ ಇಳಿದಳೆಂದರೆ ಕಾಕಾರಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಉಗಾರ ಬುದ್ರುಕದ ಕೆಳಗೆ ದಂಡೆ ಕುಸಿದು ಹಳೆಯ ಗರಸು, ಅಂದರೆ ಬೆಣಚುಕಲ್ಲಿನ ಪದರ, ಬಯಲಾಗುತ್ತದೆ. ಕಬ್ಬಿಣ ಕಾಣದ ಕಾಲದ ಜನ ಕೆತ್ತಿದ ಕಲ್ಲಿನ ಕೈಗೊಡಲಿಗಳು ಅಲ್ಲಿ ಸಿಗುತ್ತವೆ. ನಾನು ಮದುವೆಯಾಗಿ ಕಾಗವಾಡಕ್ಕೆ ಬಂದ ಮೇಲೂ ಫೋನು ಮಾಡುತ್ತಿದ್ದರು: "ಬಾ ಯವ್ವಾ, ಹೊಳಿ ಬಾಯಿ ತೆರದೈತಿ." ಹಿಂದಿನಿಂದ ಕಾಕಿಯ ಗೊಣಗಾಟ ಕೇಳಿಸುತ್ತಿತ್ತು: "ಮನಿ ತುಂಬ ಕಲ್ಲ ಆದೂ, ಇನ್ನ ಅನ್ನದಾಗೂ ಬರತಾವ."

ಕಾಕಾರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮುರಿದ ಕಲ್ಲು ಮಾತ್ರ ಮನೆಗೆ. ಇಡಿಯಾಗಿದ್ದದ್ದು ಎಷ್ಟೇ ಚೆಂದವಿರಲಿ, ಮತ್ತೆ ಗರಸಿನೊಳಕ್ಕೆ. ಯಾಕೆಂದು ಒಮ್ಮೆ ದಂಡೆಯ ಮೇಲೆ ಕೇಳಿದೆ.

"ಮುರದದ್ದನ್ನ ಕೆತ್ತಿದವರ ಒಗದ ಹೋಗ್ಯಾರ. ಇಡೀದನ್ನ ಕಳಕೊಂಡಾರ. ಕಳಕೊಂಡಾವ ಹುಡುಕ್ಕೊಂತ ಬರಂಗಿಲ್ಲೇನ?"

"ಅವರು ಸತ್ತು ಯಾವ ಕಾಲ ಆತ್ರಿ ಕಾಕಾ!" ಎಂದು ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಬೆನ್ನ ಹಿಂದಿನ ಖಾಲಿ ದಂಡೆಯನ್ನೇ ನೋಡುತ್ತಿದ್ದರು. ನಾನೂ ತಿರುಗಿ ನೋಡಿದೆ. ಯಾರೂ ಇರಲಿಲ್ಲ, ಆದರೂ ಆಮೇಲೆ ನಾನು ಅವರ ಪಕ್ಕ ಬಿಟ್ಟು ಕದಲಲಿಲ್ಲ.

ಒಂದು ಮಧ್ಯಾಹ್ನ ನಡುವೆ ಬಿಳಿ ಗೆರೆಯಿದ್ದ ಇಡೀ ಕೊಡಲಿ ಸಿಕ್ಕಿತು. ನನ್ನ ಬಲಗೈಯಲ್ಲಿ ಅದು ಹೇಗೆ ಹಿಡಿದರೂ ಕೂರಲಿಲ್ಲ. ಕಾಕಾ ಎಡಗೈಗೆ ತೆಗೆದುಕೊಂಡರು. ಬೆರಳುಗಳೆಲ್ಲ ತಾವಾಗಿಯೇ ಜಾಗ ಹಿಡಿದವು, ಆ ಸೊಟ್ಟ ಹೆಬ್ಬೆರಳೂ.

"ಬೆಚ್ಚಗೈತಿ ನೋಡ," ಎಂದರು.

ಆಗಷ್ಟೇ ಹಸಿ ಗರಸಿನಿಂದ ಕಿತ್ತ ಕಲ್ಲು ಅದು, ನನ್ನ ಕೈಗೆ ತಣ್ಣಗಿತ್ತು. ಅವರಿಗೆ ಅದರ ಮೇಲೆ ಎಷ್ಟು ಆಸೆಯಾಗಿತ್ತೆಂದು ನನಗೆ ಕಾಣುತ್ತಿತ್ತು. "ಇದೊಂದ ಇಟ್ಕೋರಿ ಕಾಕಾ" ಎಂದೆ. ಅವರು ಮಂಡಿಯೂರಿ ಅದನ್ನು ಇದ್ದಲ್ಲೇ ಹುಗಿದರು.

ಆ ಮಳೆಗಾಲ ಹೊಳೆ ಐನಾಪುರದ ನಮ್ಮ ದ್ರಾಕ್ಷಿ ತೋಟಕ್ಕೇ ನುಗ್ಗಿತು. ನೀರಿಳಿದ ಮೇಲೆ ಇಬ್ಬರೂ ನೋಡಲು ಹೋದೆವು. ಬಳ್ಳಿಸಾಲಿನ ನಡುವೆ, ಕೆಸರಿನ ಮೇಲೆ, ಅದೇ ಬಿಳಿ ಗೆರೆಯ ಕಲ್ಲು ಬಿದ್ದಿತ್ತು.

"ಹೊಳಿ ಮಣ್ಣ ತರತೈತಿ. ಇಷ್ಟ ವಜ್ಜಿ ಕಲ್ಲ ತರಂಗಿಲ್ಲ," ಎಂದರು ಕಾಕಾ. ಬಾಗಿ ಅದನ್ನು ಎಡಗೈಗೆ ಎತ್ತಿಕೊಂಡರು. "ಅದ ನನ್ನ ಹುಡುಕ್ಕೊಂಡ ಬಂದೈತಿ. ಇನ್ನ ಬ್ಯಾಡ ಅನ್ನಾಕ ನಾ ಯಾರ?" ಧೋತರದ ಸೆರಗಿನಿಂದ ಒರೆಸಿ ಮನೆಗೆ ತಂದು, ಮಲಗುವ ಕೋಣೆಯ ಕಿಟಕಿಯಲ್ಲಿಟ್ಟರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಾಕಾ ನಿದ್ದೆಯಲ್ಲೇ ಹೋದರು. ಎಡಗೈ ಏನನ್ನೋ ಹಿಡಿದಂತೆ ಅರೆಮುಚ್ಚಿತ್ತು. ಕಲ್ಲು ಮಾತ್ರ ಕಿಟಕಿಯಲ್ಲೇ ಇತ್ತು. ಮಣ್ಣು ಮಾಡುವ ಮುನ್ನ ಆ ಅಂಗೈಗೆ ಇಷ್ಟಲಿಂಗ ಕೊಡಲು ಹಿರಿಯರು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ದಿನದ ಕಾರ್ಯಗಳೆಲ್ಲ ಮುಗಿದು ನಾನು ಹೊರಟಾಗ ಕಾಕಿ ಕಲ್ಲನ್ನು ಟವೆಲಿನಲ್ಲಿ ಸುತ್ತಿ ಕೊಟ್ಟರು. "ಹೊಳಿಗೆ ಬಿಟ್ಟ ಹೋಗ ಯವ್ವಾ. ಇಡೀದು ಮನ್ಯಾಗ ಇದ್ರ ಕಳಕೊಂಡಾವ ಹುಡುಕ್ಕೊಂತ ಬರತಾನಂತ ಅವರ ಹೇಳತಿದ್ರಲ್ಲ."

ಹೂಂ ಎಂದು ಇಸಿದುಕೊಂಡೆ. ಹೊಳೆಯ ದಾರಿ ಹಿಡಿಯಲಿಲ್ಲ. ಕಲ್ಲು ಈಗ ಕಾಗವಾಡದ ನನ್ನ ಮನೆಯ ಕಿಟಕಿಯಲ್ಲಿದೆ. ಕಳಕೊಂಡ ಕಾಕಾ ಹುಡುಕಿಕೊಂಡು ಬರಲಿ ಎಂದೇ ಇಟ್ಟಿದ್ದೇನೆ.