ಎರಡೂ ಕಡೆ ತಲೆಯಿರುವ ಮಂಚ

ಬೆಳಗಿನ ಐದೂವರೆ. ಮದುಕ್ಕರೈ ಸಿಮೆಂಟ್ ಫ್ಯಾಕ್ಟರಿಯ ಸೈರನ್ ಇನ್ನೂ ಕೂಗಿಲ್ಲ. ಬೇವಿನ ಮರದಡಿ ಜಾನಮ್ಮ ಮಂಚದ ಚೌಕಟ್ಟಿಗೆ ಒಂದು ಕಾಲು ಒತ್ತಿ, ನವಾರದ ಪಟ್ಟಿಯನ್ನು ಎರಡೂ ಕೈಯಿಂದ ಎಳೆಯುತ್ತಾರೆ. ಎಳೆದದ್ದನ್ನು ಬೆರಳಿಂದ ಮೀಟಿ ಕಿವಿಗೊಡುತ್ತಾರೆ. ಸದ್ದು ಮನಸ್ಸಿಗೆ ಬರುವುದಿಲ್ಲ. ಬಿಚ್ಚಿ ಮತ್ತೆ ಎಳೆಯುತ್ತಾರೆ. ಐವತ್ತೆರಡರ ಈ ಹೆಂಗಸಿನ ಎದುರು ನಿಂತಾಗ ನನ್ನ ಬಡಕಲು ತೋಳುಗಳನ್ನು ಎಲ್ಲಿ ಬಚ್ಚಿಡಲಿ ಎನ್ನಿಸುತ್ತದೆ.

"ಬೇಗ ಮುಗಿಸಬೇಕು ಸಾಮಿ. ಮಧ್ಯಾನಕ್ಕೆ ದೊರೆ ಬತ್ತಾರೆ."

ದೊರೆ ಎಂದರೆ ಕೆಲ್ಲರ್, ಮಿಲ್ಲು ಯಂತ್ರಗಳ ಸ್ವಿಸ್ ಇಂಜಿನಿಯರ್. ಹೆಂಡತಿಯೊಂದಿಗೆ ಬೊಂಬಾಯಿಯಲ್ಲಿ ವಾಸ. ರಜೆಗೆಂದು ಇಲ್ಲಿ ಗುಡ್ಡದ ಬುಡದಲ್ಲಿ ಒಂದು ಬಂಗಲೆ ಇಟ್ಟಿದ್ದಾರೆ. ಬರುವಾಗ ಇಬ್ಬರು ಗೆಳೆಯರೂ ಜೊತೆಗಿರುತ್ತಾರೆ. ಪರದೇಶದವರ ಇಂಥ ಎರಡನೇ ಮನೆಗಳು ಈ ರಸ್ತೆಯಲ್ಲಿ ಐದಿವೆ. ಹತ್ತು ತಿಂಗಳು ಬೀಗ, ಎರಡು ತಿಂಗಳು ಗದ್ದಲ. ಗದ್ದಲವೆಂದರೆ ಹಗಲೂ ರಾತ್ರಿ ಕಿಟಕಿ ಮುಚ್ಚಿಕೊಂಡು ಇಸ್ಪೀಟು. ಎದುರಿಗೇ ಗುಡ್ಡವಿದ್ದರೂ ಅದನ್ನು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲವಂತೆ.

ಜಾನಮ್ಮನದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ನೇಕಾರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಗಂಡ ಮುತ್ತುಸಾಮಿ ಕಿರುಮಗ್ಗದಲ್ಲಿ ನವಾರ ನೇಯುತ್ತಾರೆ, ಇವರು ಮಂಚಕ್ಕೆ ಹೆಣೆಯುತ್ತಾರೆ. ಒಂದು ಮಂಚಕ್ಕೆ ನಾಲ್ಕು ಗಂಟೆ, ದಿನಕ್ಕೆ ಎರಡು. ಹಿಂದೆ ವೆಳ್ಳಕೋಯಿಲ್ ಸಂತೆಯವರೆಗೂ ಇವರ ಮಂಚ ಹೋಗುತ್ತಿತ್ತು. ಗಾಂಧಿಪುರಂ ಅಂಗಡಿಗಳಲ್ಲಿ ಕಬ್ಬಿಣದ ಮಂಚ ಬಂದದ್ದೇ ತಡ, ಕೇಳುವವರಿಲ್ಲದಾಯಿತು. ತಿರುಪ್ಪೂರಿನ ಬನಿಯನ್ ಕಂಪನಿಗೆ ನೂಲು ಕತ್ತರಿಸಲು ಹೋಗುವುದೆಂದು ಗಟ್ಟಿಮಾಡಿಯೂ ಆಗಿತ್ತು.

ಅಷ್ಟರಲ್ಲಿ, ಮೂರು ವರ್ಷದ ಹಿಂದೆ, ಆ ಕಣ್ಣುಬೇನೆ ಬಂತು. ನಾವೆಲ್ಲ ಮದ್ರಾಸ್ ಐ ಎಂದು ಕರೆದು ಮದ್ರಾಸಿನ ತಲೆಗೆ ಕಟ್ಟಿದೆವು. ಅದೋ ದೇಶದೇಶ ಸುತ್ತಿಕೊಂಡೇ ಬಂದದ್ದು. ಐದೂ ಬಂಗಲೆಗಳಲ್ಲಿ ಕಣ್ಣು ಕೆಂಪಾಯಿತು. ಒಬ್ಬರು ಮುಟ್ಟಿದ ಇಸ್ಪೀಟೆಲೆ ಇನ್ನೊಬ್ಬರು ಮುಟ್ಟುವಂತಿಲ್ಲ, ಓದುವಂತಿಲ್ಲ. ದೊರೆಯ ಹೆಂಡತಿ ಕೆಲ್ಲರಮ್ಮ ಇಸ್ಪೀಟು ಕಟ್ಟುಗಳನ್ನು ಒಲೆಗೆ ಹಾಕಿದರು. ಸುಮ್ಮನೆ ಮಲಗಲು ಹೊರಗೆ ನಾಲ್ಕು ಮಂಚ ಬೇಕೆಂದು ಬಂಗಲೆಯ ಕಾವಲುಗಾರ ಪಳನಿಸಾಮಿ ಹೇಳಿಕಳಿಸಿದ.

"ನಂಗೂ ಕಣ್ಣುವಲಿ. ರೆಪ್ಪೆ ಬಿಡಕ್ಕಾಗಲ್ಲೆ. ಕಿವೀಲೇ ಕಟ್ದೆ," ಎಂದು ಜಾನಮ್ಮ ನಗುತ್ತಾರೆ.

ಕಟ್ಟಿದ್ದೇನೋ ಚೆನ್ನಾಗಿಯೇ. ಆದರೆ ಒಂದು ಎಡವಟ್ಟಾಯಿತು. ನವಾರದ ಮಂಚಕ್ಕೆ ತಲೆಗಡೆ ಬಿಗಿ ಹೆಣಿಗೆ, ಕಾಲುಗಡೆ ಎಳೆದು ಬಿಗಿಯುವ ಹಗ್ಗ. ಜಾನಮ್ಮ ತಲೆಗಡೆಯನ್ನು ತೆಂಕಕ್ಕಿಟ್ಟು, ಆ ಕಡೆಯ ಮಂಚದ ಕಾಲಿಗೆ ವಾಡಿಕೆಯಂತೆ ಅರಿಸಿನದ ನೂಲು ಕಟ್ಟಿ ಬಂದರು. ಬಡಗಣಕ್ಕೆ ತಲೆ ಹಾಕಿ ಮಲಗುವ ಮನುಷ್ಯರೂ ಇರುತ್ತಾರೆಂದು ಅವರಿಗೆ ಹೊಳೆಯಲೇ ಇಲ್ಲ. ಗುಡ್ಡ ಇದ್ದದ್ದು ತೆಂಕಕ್ಕೆ. ಅದು ಕಾಣಲೆಂದು ದೊರೆಗಳೆಲ್ಲ ಬಡಗಣಕ್ಕೇ ತಲೆ ಹಾಕಿದರು.

"ಮರುದಿನ ಹೋಗಿ ನೋಡ್ದ್ರೆ ದೊರೆ ಕತ್ತಿನ ಮೇಲೆ ಹಗ್ಗದ ಬರೆ! ಪಾವಂ, ಒಂದು ಮಾತು ಅನ್ನಲ್ಲೆ. ಆ ಕಡೆ ಮಲಗಬ್ಯಾಡಿ, ಆಯುಸ್ಸಿಗೆ ಆಗಲ್ಲ ಅಂತ ಪಳನಿಸಾಮಿ ಕೈಲಿ ಹೇಳಿಸ್ದೆ. ಗುಡ್ಡ ತೋರಿಸ್ಬಿಟ್ಟು ನಕ್ರು."

ಮಂಚ ತಿರುಗಿಸಿಟ್ಟರೆ ಅದರ ತಲೆಗಡೆಯೇ ಬಡಗಣಕ್ಕಾಗುತ್ತದೆ, ಹಾಗಿಡಲು ಜಾನಮ್ಮನ ಕೈ ಏಳಲಿಲ್ಲ. ನಾಲ್ಕನ್ನೂ ಮನೆಗೆ ತರಿಸಿ ಪೂರಾ ಬಿಚ್ಚಿದರು. ಹಗ್ಗವನ್ನು ಕಾಲುಗಡೆಯಿಂದ ತೆಗೆದು ಚೌಕಟ್ಟಿನ ಒಂದು ಪಕ್ಕಕ್ಕೆ ತಂದರು. ಎರಡು ತುದಿಗೂ ಬಿಗಿ ಹೆಣಿಗೆ. ಕಣ್ಣು ವಾಸಿಯಾದ ಮೇಲೂ ದೊರೆಗಳು ಒಳಗೆ ಹೋಗಲಿಲ್ಲ. ಸಂಜೆಯಾದರೆ ಮಂಚ, ಗುಡ್ಡ, ಮಾತು. ಉಳಿದ ಬಂಗಲೆಗಳಿಗೂ ಇಂಥದ್ದೇ ಬೇಕಾಯಿತು. ಈಗ ಪೊಳ್ಳಾಚಿಯಿಂದಲೂ ಕೇಳಿಕೊಂಡು ಬರುತ್ತಾರೆ. ತಿರುಪ್ಪೂರಿನ ಮಾತು ಮನೆಯಲ್ಲಿ ನಿಂತುಹೋಗಿದೆ.

ಆದರೆ ಮೊನ್ನೆ ಪಳನಿಸಾಮಿ ಸುದ್ದಿ ತಂದಿದ್ದಾನೆ: ಬಂಗಲೆಗೆ ಲಾರಿಯಲ್ಲಿ ಹೊಸ ಇಸ್ಪೀಟು ಮೇಜು ಇಳಿದಿದೆ. ದೊರೆಗಳು ಮತ್ತೆ ಕಿಟಕಿ ಮುಚ್ಚಿಕೊಂಡರೆ ಉಳಿದ ಬಂಗಲೆಗಳೂ ಅದೇ ದಾರಿ ಹಿಡಿಯುತ್ತವೆ. ಬೆಳಗಿನಿಂದ ಜಾನಮ್ಮ ಅದನ್ನೇ ನೆನೆಯುತ್ತಿದ್ದಾರೆ.

"ಸೀಟಾಟ ಬಂದ್ರೆ ಕಟ್ಟಿಲು ಯಾರಿಗೆ ಬೇಕು?" ಎನ್ನುತ್ತ, ಕಟ್ಟಿಲು ಎಂದು ತಾವು ಕರೆಯುವ ಮಂಚದ ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುತ್ತಾರೆ.

ಮಧ್ಯಾಹ್ನ ಮಂಚದ ಜೊತೆ ನಾನೂ ಬಂಗಲೆಗೆ ಹೋಗುತ್ತೇನೆ. ಕಾರು ಬರುತ್ತದೆ, ಇಬ್ಬರು ಗೆಳೆಯರೂ ಇಳಿಯುತ್ತಾರೆ. ಬಿಸಿಲು ಇಳಿದ ಮೇಲೆ ಪಳನಿಸಾಮಿ ಆ ಮೇಜನ್ನು ಎತ್ತಿಕೊಂಡು ಹೊರಬರುತ್ತಾನೆ. ಜಾನಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಾರೆ. ಕೆಲ್ಲರಮ್ಮ ಕೈ ತೋರಿಸಿದ್ದು ಮಂಚಗಳ ನಡುವಿನ ಜಾಗವನ್ನು. ಮೇಜು ಅಲ್ಲಿ ಕೂತಿತು. ನಾಲ್ವರೂ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಎಲೆ ಹಂಚಿಕೊಂಡರು. ಜಾನಮ್ಮ ಸೆರಗನ್ನು ಬಾಯಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಂದಾಟ ಮುಗಿಯುವಷ್ಟರಲ್ಲಿ ಗುಡ್ಡ ಕೆಂಪಾಗುತ್ತದೆ. ಎಲೆ ಮಡಚಿಟ್ಟು ಎಲ್ಲರೂ ಬಡಗಣಕ್ಕೆ ತಲೆ ಹಾಕಿ ಒರಗುತ್ತಾರೆ.

ಜಾನಮ್ಮ ಲೊಚಗುಟ್ಟುತ್ತಾರೆ. ಈ ಸಲವೂ ಅರಿಸಿನದ ನೂಲನ್ನು ತೆಂಕಣ ಕಾಲಿಗೇ ಕಟ್ಟಿದ್ದಾರೆ. ಇನ್ನೇನು ಆಸೆಯಮ್ಮ ಎಂದು ಕೇಳುತ್ತೇನೆ.

"ಒಂದು ದಿನ ಆದ್ರೂ ಅವರು ತೆಂಕಕ್ಕೆ ತಲೆ ಹಾಕಿ ಮಲಗಬೇಕು ಸಾಮಿ. ನೂರು ವರ್ಷ ಇರಬೇಕಾದ ಜನ. ಅದುಕ್ಕೇ ಆ ಕಡೇನೂ ಗಟ್ಟಿಯಾಗೇ ಕಟ್ಟಿವ್ನಿ."