ಅಕ್ಕ ಓದಿ ಹೇಳಿದ ಚಿತ್ರ

ಮೊನ್ನೆ ಹುಕ್ಕೇರಿಯ ನಿಲ್ದಾಣದಲ್ಲಿ ಗೋಕಾಕದ ಬಸ್ಸಿಗೆ ಕಾಯುತ್ತ ಕುಳಿತಿದ್ದಾಗ ನನ್ನ ಫೋನು ಒಂದು ಪ್ರಶ್ನೆ ಕೇಳಿತು. ಜಾಗ ತುಂಬಿ ಹೋಗಿದೆ, ಬಹಳ ದಿನಗಳಿಂದ ನೀವು ಮುಟ್ಟದ ಕೆಲವು ಆಪ್‌ಗಳಿವೆ, ತೆಗೆದುಹಾಕಲೇ ಎಂದು. ಎಲ್ಲಕ್ಕಿಂತ ಮೇಲೆ ಇದ್ದದ್ದು ಬೆಂಗಳೂರಿನ ಒಂದು ಚಿತ್ರ ಸಂಗ್ರಹಾಲಯದ ಆಪ್. ಅದನ್ನು ಬಿಟ್ಟು, ಯಾರ‍್ಯಾರದೋ ಮದುವೆಯ ಊಟದ ವಿಡಿಯೋಗಳನ್ನೆಲ್ಲ ಅಳಿಸಿ ಫೋನಿನ ಬಾಯಿ ಮುಚ್ಚಿಸಿದೆ. ಆದರೆ ಅಷ್ಟರಲ್ಲಿ ಮನಸ್ಸು ಅಕ್ಕನ ಹತ್ತಿರ ಹೋಗಿಬಿಟ್ಟಿತ್ತು.

ನನ್ನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮನೆ ಗೋಕಾಕದಲ್ಲಿ, ನೌಕರಿ ಹುಕ್ಕೇರಿಯ ಕಚೇರಿಯೊಂದರಲ್ಲಿ, ಅಕ್ಕ ಮೂಡಲಗಿಯಲ್ಲಿ. ವಾರವೆಲ್ಲ ಒಂದು ದಾರಿಯ ಬಸ್ಸು, ರವಿವಾರ ಇನ್ನೊಂದು ದಾರಿಯದು. ಬಸ್ಸಿನಲ್ಲಿ ನಾನು ಕಿಟಕಿಗೆ ತಲೆ ತಾಗಿಸಿ ನಿದ್ದೆ ಮಾಡುವುದು ಕಂಡಕ್ಟರುಗಳಿಗೆಲ್ಲ ಗೊತ್ತು. ನಿಲ್ದಾಣ ಬಂದಾಗ ಟಿಕೆಟಿನ ಯಂತ್ರದಿಂದ ಸೀಟಿನ ಕಂಬಿಗೆ ಟಕಟಕ ಬಡಿದು ಎಬ್ಬಿಸುತ್ತಾರೆ. ದಣಿವು ಎಂಬುದು ಬೇರೆಯವರಿಗೆ ಸಂಜೆ ಬರುತ್ತದಂತೆ. ನನಗೆ ಅದು ಬೆಳಿಗ್ಗೆ ಹಾಸಿಗೆಯಲ್ಲೇ, ನನಗಿಂತ ಮೊದಲು ಎದ್ದು ಕುಳಿತಿರುತ್ತದೆ.

ಅಕ್ಕನದು ಹಿಟ್ಟಿನ ಗಿರಣಿ. ಭಾವ ಬೇಗ ತೀರಿಕೊಂಡರು. ಗಿರಣಿ ಮಾರಿಬಿಡು ಎಂದು ಬಂಧುಗಳೆಲ್ಲ ಹೇಳಿದರೂ ಕೇಳದೆ, ತಾನೇ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಜೋಳ, ಗೋದಿ ಸುರಿಯತೊಡಗಿದಳು. ಹುಬ್ಬಿಗೆ, ಕಿವಿಯ ಮೇಲಿನ ಕೂದಲಿಗೆ ಸದಾ ಹಿಟ್ಟು. ಬೆಲ್ಟು ತಿರುಗುವಾಗಿನ ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ನಿಂತು ಅವಳ ಕಿವಿ ಹೋಯಿತು. ಒಮ್ಮೆಲೇ ಹೋಗಲಿಲ್ಲ. ಮೊದಮೊದಲು ಜನರೇ ಮೆಲ್ಲಗೆ ಮಾತಾಡತೊಡಗಿದ್ದಾರೆ ಎಂದುಕೊಂಡಿದ್ದಳು. "ಈಗಿನ ಮಂದೀಗೆ ಬಾಯಾಗ ಶಕ್ತೀನ ಇಲ್ಲ ನೋಡ" ಎಂದು ನನ್ನ ಮುಂದೆ ದೂರಿದ್ದೂ ಉಂಟು.

ಕಿವಿ ಕೇಳದವರ ಜೊತೆ ಬಾಳಿದವರಾಗಿದ್ದರೆ ನಿಮಗೆ ಇದು ಗೊತ್ತಿರುತ್ತದೆ: ಕೂಗಿ ಹೇಳಬಹುದಾದ ಮಾತುಗಳು ಬಹಳ ಕಡಿಮೆ. ಮಾತ್ರೆ ತೊಗೊಂಡ್ಯಾ? ಬಸ್ ಬಂತು. ಲೈಟ್ ಹೋಗೇತಿ. ಇಷ್ಟೇ. ಮನೆಯಲ್ಲಿ ನನ್ನ ಅತ್ತೆ ಏನೋ ಅಂದದ್ದು, ಮುಂಜಾನೆ ಬಿದ್ದ ಕನಸು, ಯಾರದೋ ಹೊಸ ಸೀರೆಯ ಬಣ್ಣ, ಇವನ್ನು ಓಣಿಗೆಲ್ಲ ಕೇಳುವಂತೆ ಒದರುವುದು ಹೇಗೆ? ಒಂದೊಂದಾಗಿ ಬಿಟ್ಟೆವು. ಕಡೆಗೆ ರವಿವಾರ ನಾನು ಹೋಗಿ, ಬೇಕಾದ್ದನ್ನು ಒದರಿ, ಅವಳು ಬಡಿದ ಎರಡು ರೊಟ್ಟಿ ತಿಂದು, ಗಂಟಲು ನೋವು ಹೊತ್ತು ಬರುವುದಷ್ಟೇ ಉಳಿಯಿತು. ಅಕ್ಕತಂಗಿಯರು ಅಂತ ನಾವಿದ್ದೆವು. ಆದರೆ ಸುದ್ದಿ ಬಿತ್ತರಿಸುವವಳು ಮತ್ತು ಕೇಳುವವಳು ಇದ್ದ ಹಾಗೆ.

ಇದರ ನಡುವೆ ಅಕ್ಕ ಮನೆ ಬಿಟ್ಟು ಹೊರಡುವುದನ್ನೂ ನಿಲ್ಲಿಸಿದಳು. ಮದುವೆ, ಬಸುರಿಯರ ಕುಬಸ, ಕೂಸಿನ ತೊಟ್ಟಿಲು, ಯಾವುದಕ್ಕೂ ಬಾರಳು. ಯಾಕೆ ಎಂದು ಒದರಿ ಕೇಳಿದರೆ "ಗಿರಣಿ ಯಾರ್ ನೋಡ್ತಾರ?" ಎನ್ನುವಳು. ಗಿರಣಿ ಅಷ್ಟರಲ್ಲಿ ವಾರದಲ್ಲಿ ಅರ್ಧ ದಿನವೂ ತೆರೆಯುತ್ತಿರಲಿಲ್ಲ. ನಾನು ಹೆಚ್ಚು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಒದರುವ ಶಕ್ತಿ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಯಾರೋ ಹೇಳಿದರೆಂದು, ಅವಳನ್ನು ಬೆಂಗಳೂರಿನ ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಘಟಪ್ರಭಾದಲ್ಲಿ ರೈಲು ಹತ್ತುವಾಗಲೇ ಅವಳಿಗೆ ಮನಸ್ಸಿರಲಿಲ್ಲ. ಡಾಕ್ಟರು ಒಳ್ಳೆಯವರು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಈಗಿರುವ ಕಿವಿ ಮಷೀನಿಗಿಂತ ಹೆಚ್ಚಿನದು ಯಾವುದೂ ಇವರಿಗೆ ಉಪಯೋಗಕ್ಕೆ ಬರಲಾರದು ಎಂದು ಮೆತ್ತಗೆ ಹೇಳಿದರು. ಆ ಮೆತ್ತಗಿನ ಮಾತನ್ನು ನಾನು ಹೊರಗೆ ಬಂದು, ಜನ ತುಂಬಿದ ವರಾಂಡದಲ್ಲಿ ಅಕ್ಕನಿಗೆ ಒದರಿ ಹೇಳಬೇಕಾಯಿತು. "ಇನ್ನ ಏನೂ ಮಾಡಾಕ ಆಗಂಗಿಲ್ಲಂತ ಅಕ್ಕಾ!" ಕುಳಿತವರೆಲ್ಲ ತಿರುಗಿ ನೋಡಿದರು. ಅಕ್ಕ ಮಷೀನನ್ನು ಕಿವಿಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಆತಲ್ಲ. ಇನ್ನ ನನ್ನ ಎಲ್ಲೂ ಕರೀಬ್ಯಾಡ," ಎಂದಳು.

ಸಂಜೆಯ ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಬಿಸಿಲು ಸುಡುತ್ತಿತ್ತು. ಆಸ್ಪತ್ರೆಯ ಹತ್ತಿರವೇ ಮರಗಳಿದ್ದ ಒಂದು ಕಾಂಪೌಂಡು ಕಂಡಿತು. ಒಳಗೆ ತಂಪಾಗಿರಬಹುದೆಂದು ನುಗ್ಗಿದೆವು. ಅದು ಚಿತ್ರ ಸಂಗ್ರಹಾಲಯ ಎಂಬುದು ಟಿಕೆಟಿನ ಕಿಟಕಿಯ ಮುಂದೆ ನಿಂತಾಗಲೇ ಗೊತ್ತಾದದ್ದು. ಕಲೆಯನ್ನು ಹುಡುಕಿಕೊಂಡು ಹೋದೆವೆಂದು ಹೇಳಿಕೊಳ್ಳಲು ನನಗೂ ಆಸೆಯಿದೆ. ಹುಡುಕಿದ್ದು ಫ್ಯಾನು.

ಟಿಕೆಟ್ ಕೊಡುತ್ತಿದ್ದ ಹೆಂಗಸು ನಾನು ಒದರುವುದನ್ನು ನೋಡಿ, "ಮೇಡಂ, ನಮ್ಮ ಆಪ್ ಹಾಕ್ಕೊಳ್ಳಿ. ಕನ್ನಡದಲ್ಲೂ ಇದೆ. ಕೇಳೋಕಾಗದಿದ್ರೆ ಓದಬಹುದು," ಎಂದು ತಾನೇ ನನ್ನ ಫೋನಿಗೆ ಅದನ್ನು ಇಳಿಸಿ, ಅಕ್ಷರ ದೊಡ್ಡದು ಮಾಡಿ, ನನ್ನ ಕೈಗಲ್ಲ, ಅಕ್ಕನ ಕೈಗೆ ಕೊಟ್ಟರು. ಚಿತ್ರದ ಪಕ್ಕದ ಚೌಕದ ಗುರುತಿಗೆ ಫೋನು ಹಿಡಿದರೆ ಸಾಕು ಎಂದು ಕೈಸನ್ನೆಯಲ್ಲೇ ತೋರಿಸಿದರು. ಅಕ್ಕ ಏಳನೆಯ ತರಗತಿಗೆ ಸಾಲಿ ಬಿಟ್ಟವಳು. ಆದರೆ ಓದಿನ ಚಟ ಬಿಟ್ಟವಳಲ್ಲ. ಗಿರಣಿಗೆ ಬಂದ ಗಿರಾಕಿಯ ಚೀಲದ ಮೇಲಿನ ಅಕ್ಷರವನ್ನೂ ಬಿಡದೆ ಓದುತ್ತಿದ್ದಳು.

ನಾನು ಹಿಂದೆ ಒಮ್ಮೆ, ಕಾಲೇಜಿನ ಪ್ರವಾಸದಲ್ಲಿ, ಇಂಥದೊಂದು ಜಾಗಕ್ಕೆ ಹೋಗಿದ್ದೆ. ಸೀರೆ ಅಂಗಡಿಯಲ್ಲಿ ಕೊಳ್ಳುವ ಮನಸ್ಸಿಲ್ಲದವರು ತಿರುಗುವ ಹಾಗೆ ತಿರುಗಿ, ಹೆಸರು ಇಸವಿ ಓದಿ ಹೊರಬಿದ್ದಿದ್ದೆ. ಈ ಸಲವೂ ಹಾಗೆಯೇ ಬೆಂಚು ಹುಡುಕುತ್ತ ಮುಂದೆ ನಡೆದೆ. ಹಿಂತಿರುಗಿ ನೋಡಿದರೆ ಅಕ್ಕ ಮೊದಲನೆಯ ಚಿತ್ರದ ಮುಂದೆಯೇ ನಿಂತಿದ್ದಾಳೆ. ಎರಡನೆಯದರ ಮುಂದೆ ಇನ್ನೂ ಹೆಚ್ಚು ಹೊತ್ತು. ಫೋನು ನೋಡುತ್ತಾಳೆ, ಗೋಡೆ ನೋಡುತ್ತಾಳೆ, ಮತ್ತೆ ಫೋನು. ಚಿತ್ರ ಬಿಟ್ಟು ಫೋನನ್ನೇ ನೋಡಿಕೊಂಡು ಹೋಗುವಳೇನೋ ಎಂದು ನನಗೆ ಅನುಮಾನ. ಅಷ್ಟರಲ್ಲಿ ಅವಳು ಫೋನು ಎದೆಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿಯುತ್ತ ಬಂದು ನನ್ನ ಕಾಲು ತುಳಿದಳು.

"ಏನ್ ಮಾಡಾಕತ್ತಿ?" ಎಂದು ಒದರಿದೆ.

"ಫೋನ್ ಕೆಳಗ ಮಾಡಿ ದೂರ ನಿಂತು ನೋಡ್ರಿ ಅಂತ ಬರದಾರ. ಹತ್ತರದಾಗ ಬರೇ ಬಣ್ಣದ ಗುಡ್ಡಿ. ದೂರದಿಂದ ನೋಡಿದ್ರ ಹೊಳಿ. ನೀನೂ ಬಾ ಇಲ್ಲೆ!"

ನೋಡಿದೆ. ಹೌದು, ಹೊಳೆ. ಹತ್ತಿರದಿಂದ ಬರಿಯ ನೀಲಿ ಕಂದು ಗೀಟುಗಳಿದ್ದಲ್ಲಿ, ದೂರದಿಂದ ನೀರು ಹರಿಯುತ್ತಿತ್ತು. ಅಕ್ಕ ತನ್ನ ಎಂದಿನ ದೊಡ್ಡ ದನಿಯಲ್ಲಿ, ಕಾವಲುಗಾರ ನಮ್ಮ ಕಡೆ ಕಣ್ಣು ಬಿಡುತ್ತಿದ್ದರೂ ಲೆಕ್ಕಿಸದೆ, ನನಗೆ ಒಂದೊಂದೇ ಚಿತ್ರ ಓದಿ ಹೇಳತೊಡಗಿದಳು. ಫೋನು ಒಂದೇ, ಅದೂ ಅವಳ ಕೈಯಲ್ಲಿ. ಕೇಳುವ ಸರದಿ ನನ್ನದಾಗಿತ್ತು. ಎಷ್ಟು ವರ್ಷಗಳಿಂದ ನಾನೇ ಅವಳಿಗೆ ಜಗತ್ತನ್ನು ಒದರಿ ಮುಟ್ಟಿಸುತ್ತಿದ್ದೆ; ಅವಳು ನನಗೆ ಏನಾದರೂ ತಿಳಿಸಿ ಹೇಳಿದ್ದು ನೆನಪೇ ಇರಲಿಲ್ಲ.

ಒಳಗಿನ ಕೋಣೆಯಲ್ಲಿ ಒಂದು ದೊಡ್ಡ ಚಿತ್ರವಿತ್ತು. ಮದುವೆಮನೆಯ ಹಿತ್ತಲು. ಮದುಮಗಳಿಗೆ ಅರಿಶಿನ ಹಚ್ಚುತ್ತ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದಾರೆ. ಒಂದು ಮೂಲೆಯಲ್ಲಿ ತಾಮ್ರದ ಕೊಡ ಹಿಡಿದ ಹೆಂಗಸು. ನಾನಾಗಿದ್ದರೆ ಅವಳನ್ನು ಗಮನಿಸುತ್ತಲೇ ಇರಲಿಲ್ಲ. ಆಪ್ ಅವಳನ್ನು ಹಿಗ್ಗಿಸಿ ತೋರಿಸಿತು. ಬಣ್ಣದ ಕೆಳಗೆ ಅಡಗಿದ್ದ ಮೊದಲ ಚಿತ್ರವನ್ನು ಎಕ್ಸ್‌ರೇ ಯಂತ್ರದಿಂದ ತೆಗೆದ ಪಟವನ್ನೂ ತೋರಿಸಿತು. ಅದರಲ್ಲಿ ಆ ಹೆಂಗಸೂ ಎಲ್ಲರ ಹಾಗೆ ಬಾಯ್ತುಂಬ ನಗುತ್ತಿದ್ದಳು. ಆಮೇಲೆ ಚಿತ್ರಕಾರ ಅವಳ ಮುಖವನ್ನಷ್ಟೇ ಅಳಿಸಿ ಮತ್ತೆ ಬರೆದಿದ್ದ. ಈಗ ಅವಳ ಬಾಯಿ ಅರೆ ತೆರೆದಿದೆ, ಕಣ್ಣು ಉಳಿದವರ ಮುಖದ ಮೇಲಿದೆ. ಯಾಕೆ ಹಾಗೆ ಬದಲಿಸಿದನೋ ತಿಳಿಯದು ಎಂದು ಆಪ್ ಅಲ್ಲಿಗೆ ನಿಲ್ಲಿಸಿತ್ತು.

ಅಕ್ಕ ಓದಿ ಮುಗಿಸಿದಳು. ಬೆರಳಿನಿಂದ ಆ ಮುಖವನ್ನು ಮತ್ತಷ್ಟು ಹಿಗ್ಗಿಸಿದಳು.

"ಈಕೀಗೆ ಕಿವಿ ಕೇಳಸಂಗಿಲ್ಲ," ಎಂದಳು.

ಹೇಗೆ ಗೊತ್ತು ಎಂದು ಕೈ ತಿರುಗಿಸಿ ಕೇಳಿದೆ.

"ಎಲ್ಲಾರೂ ನಗೂದನ್ನ ನೋಡಿ, ಆಮ್ಯಾಲೆ ನಗಬೇಕಂತ ಕಾಯಾಕತ್ತಾಳ. ನಾ ಮಾಡೂದೂ ಹಂಗ."

ಅಲ್ಲಿಯೇ ನಿಂತು ಅಕ್ಕ, ನಾನು ಎಂದೂ ಕೇಳಿರದ ಸಂಗತಿ ಹೇಳಿದಳು. ಯಮಕನಮರಡಿಯಲ್ಲಿ ಬಂಧುಗಳ ಮನೆಯ ಕುಬಸ. ಅದೇ ಊರಿನ ಗಂಗವ್ವ ಎಂಬ ಅಕ್ಕನ ಹಳೆಯ ಗೆಳತಿ ಎಲ್ಲರ ನಡುವೆ ಕುಳಿತು ಏನೋ ಹೇಳುತ್ತಿದ್ದಳು. ಸುತ್ತಲಿನವರ ತುಟಿಯಲ್ಲಿ ಸಣ್ಣ ನಗೆ ಕಂಡಿತು. ತನಗೂ ಕೇಳಿಸುತ್ತಿದೆ ಎಂದು ತೋರಿಸಿಕೊಳ್ಳಲು ಅಕ್ಕ ಜೋರಾಗಿ ನಕ್ಕುಬಿಟ್ಟಳು. ಗಂಗವ್ವ ಹೇಳುತ್ತಿದ್ದದ್ದು ಹಿಂದಿನ ವರ್ಷ ತೀರಿಹೋದ ಗಂಡನ ಕೊನೆಯ ಗಳಿಗೆಯ ವಿಚಾರ. ಪ್ರಾಣ ಹೋಗುವ ಮೊದಲು ಆತ ಚಹಾ ಕೇಳಿದ್ದನಂತೆ; ಅದಕ್ಕೆ ಎಲ್ಲರೂ ಕಣ್ಣೀರಿನೊಳಗೇ ನಕ್ಕಿದ್ದರು. ಅಕ್ಕನ ನಗೆ ಕೇಳಿ ಗಂಗವ್ವ ಎದ್ದು ಹೋದಳು. ಬಾಜೂ ಕುಳಿತವರು ಅಕ್ಕನ ತೋಳು ಹಿಂಡಿ, ಕಿವಿಯಲ್ಲಿ ಒದರಿ ಹೇಳಿದರು.

"ಅವತ್ತಿನಿಂದ ನಾಲ್ಕು ಮಂದ್ಯಾಗ ಕುಂಡ್ರಾಕ ಹೆದರಿಕಿ ಆಗತೈತಿ," ಎಂದಳು ಅಕ್ಕ. "ನಗಬೇಕೋ ಅಳಬೇಕೋ ತಿಳೀದವರು ಎಲ್ಲಿಗಿ ಹೋಗೂದು?"

ನಾನು ಅವಳನ್ನು ಹೊರಗೆ ಮರದ ಕೆಳಗಿನ ಬೆಂಚಿಗೆ ಕರೆತಂದೆ. ಏನಾದರೂ ಹೇಳಬೇಕಿತ್ತು, ಆದರೆ ಅದು ಒದರುವ ಮಾತಾಗಿರಲಿಲ್ಲ. ಆ ಆಪಿನಲ್ಲಿ ಚಿತ್ರದ ಬಗ್ಗೆ ಪ್ರಶ್ನೆ ಕೇಳಲು ಒಂದು ಮೈಕಿನ ಗುರುತಿತ್ತು. ಮಾತಾಡಿದರೆ ಅಕ್ಷರವಾಗಿ ಮೂಡುತ್ತಿತ್ತು. ಅದನ್ನು ಒತ್ತಿ ಮೆಲ್ಲಗೆ, "ನಂಗೂ ಭಾಳ ದಣವಾಗೈತಿ ಅಕ್ಕಾ" ಎಂದೆ. ಅದು "ನನ್ನ ಬಾಳು ದನವಾಗಿದೆ" ಎಂದು ಬರೆಯಿತು. ಅಷ್ಟೇನೂ ಸುಳ್ಳಲ್ಲ ಅನ್ನಿ. ಆದರೂ ಅಳಿಸಿ, ರೇಡಿಯೋದಲ್ಲಿ ವಾರ್ತೆ ಓದುವವಳಂತೆ ಬಿಡಿಸಿ ಬಿಡಿಸಿ ಹೇಳಿದೆ: "ಅಕ್ಕಾ, ನನಗೆ ತುಂಬಾ ದಣಿವಾಗಿದೆ. ಒದರಿ ಒದರಿ ನಿನ್ನ ಜೊತೆ ಮಾತಾಡುವುದನ್ನೇ ಮರೆತಿದ್ದೇನೆ."

ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದು ಓದಿದಳು. ಆಪ್ ಕೆಳಗೆ, ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಎಂದು ವಿನಯದಿಂದ ಹೇಳಿತ್ತು. ಅಕ್ಕ ತಲೆಯೆತ್ತಿ, ಇಡೀ ಕಾಂಪೌಂಡಿಗೆ ಕೇಳುವ ಹಾಗೆ ಒದರಿದಳು:

"ನಂಗ ಗೊತ್ತೈತಿ! ಕೇಳಸಂಗಿಲ್ಲ ಖರೆ, ಕಾಣಸ್ತೈತಿ! ಪ್ರತಿ ರವಿವಾರ ನಿನ್ನ ಮಾರಿ ನೋಡಾಕತ್ತಿಲ್ಲೇನು ನಾ?"

ಆಮೇಲೆ ದನಿ ತಗ್ಗಿಸಲು ಪ್ರಯತ್ನಿಸುತ್ತ, "ಆದ್ರ ಇಷ್ಟ ಶುದ್ಧ ಯಾಕ ಮಾತಾಡ್ತಿ? ಸಾಹೇಬರ ಮುಂದ ನಿಂತಂಗ," ಎಂದು ನಕ್ಕಳು. ನಾನೂ ನಕ್ಕೆ. ನಗುತ್ತಲೇ ಅಳುವೂ ಬಂತು. ಸಂಜೆಯವರೆಗೂ ಅಲ್ಲಿಯೇ ಕುಳಿತು ಅತ್ತೆಯ ಮಾತು, ಆಫೀಸಿನ ಜಗಳ, ನಮ್ಮವ್ವನ ಕೈಯ ಹುಳಿಬಾನದ ರುಚಿ, ಹೀಗೆ ಯಾವ ಉಪಯೋಗಕ್ಕೂ ಬಾರದ ಸುದ್ದಿಯನ್ನೆಲ್ಲ ಶುದ್ಧ ಕನ್ನಡದಲ್ಲಿ ಹೇಳಿದೆ.

ಊರಿಗೆ ಬಂದ ಮೇಲೆ ಅಕ್ಕನ ಫೋನಿಗೂ ಮಾತನ್ನು ಅಕ್ಷರ ಮಾಡುವ ವ್ಯವಸ್ಥೆ ಹಾಕಿಸಿದೆ. ಮಳೆಗಾಲ ಕಳೆದ ಮೇಲೆ ಒಂದು ದಿನ ಅವಳೇ, "ಯಮಕನಮರಡಿಗಿ ಹೋಗೂಣು" ಎಂದಳು. ಗಂಗವ್ವ ಬಾಗಿಲಲ್ಲಿ ನಮ್ಮನ್ನು ಕಂಡು ಸೆರಗು ಸರಿಪಡಿಸಿಕೊಂಡಳು. ಆಮೇಲೆ ಚಾಪೆ ಹಾಸಿದಳು. ಅಕ್ಕ ತನಗೆ ಅಂದು ಏನಾಯಿತೆಂದು ನೇರವಾಗಿ ಹೇಳಿದಳು. ಗಂಗವ್ವ ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಸಿಟ್ಟ ಬಂದಿದ್ದು ಖರೇನ. ಮನೀಗಿ ಬಂದು ವಿಚಾರ ಮಾಡಿದ್ನಿ, ಆತ ಇದ್ದಿದ್ರ ಆತನೂ ನಗತಿದ್ದ. ಇದನ್ನ ಆಕೀಗೆ ಹೆಂಗ್ ಹೇಳ್ಲಿ?" ಎಂದಳು.

ಫೋನು ಅವಳ ಮುಂದೆ ಹಿಡಿದೆ. ಗಂಗವ್ವ ಗಂಡನ ಕೊನೆಯ ದಿನವನ್ನು ಮತ್ತೊಮ್ಮೆ, ಈ ಸಲ ಅಕ್ಕನೊಬ್ಬಳಿಗೇ, ಮೊದಲಿಂದ ಹೇಳಿದಳು. ಅಕ್ಕ ಸಾಲು ಸಾಲಾಗಿ ಓದುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆತ ಚಹಾ ಕೇಳಿದ" ಎಂಬಲ್ಲಿ ಫೋನು "ಸಹಾಯ ಕೇಳಿದ" ಎಂದು ಬರೆಯಿತು.

"ಏನ್ ಸಹಾಯ ಕೇಳಿದ್ನವಾ?" ಎಂದಳು ಅಕ್ಕ ಗಾಬರಿಯಿಂದ.

ಗಂಗವ್ವ ಅವಳ ಮುಖವನ್ನೇ ನೋಡಿದಳು. ಹೊಟ್ಟೆಯೊಳಗಿಂದ ನಗೆ ಎದ್ದು ಬಂತು. ಬಸಿ ಎತ್ತಿ ಚಹಾ ಹೀರುವ ಸನ್ನೆ ಮಾಡಿ ತೋರಿಸಿದಳು. ಇಬ್ಬರೂ ಒಟ್ಟಿಗೆ ನಕ್ಕರು, ಒಬ್ಬರ ತೊಡೆ ಇನ್ನೊಬ್ಬರು ಹಿಡಿದುಕೊಂಡು.

ಈಗಲೂ ನನ್ನ ಬಸ್ಸುಗಳು ಅವೇ, ದಣಿವೂ ಅದೇ. ಆಪ್ ಒಂದು ಬದುಕನ್ನು ತಿದ್ದುತ್ತದೆ ಎಂದು ಹೇಳುವಷ್ಟು ಉತ್ಸಾಹ ನನ್ನಲ್ಲಿ ಉಳಿದಿಲ್ಲ. ಪ್ರತಿ ರವಿವಾರ ಬರಬೇಡ, ಮಲಗಿ ನಿದ್ದೆ ಮಾಡು ಎಂದು ಅಕ್ಕ ತಾಕೀತು ಮಾಡಿದ್ದಾಳೆ, ನಾನು ಪಾಲಿಸುತ್ತೇನೆ. ಮೊನ್ನೆ ಹುಕ್ಕೇರಿಯಿಂದ ಗೋಕಾಕಕ್ಕೆ ಬಂದಿಳಿದಾಗ ಮಾತ್ರ, ಮನೆಯ ದಾರಿ ಹಿಡಿಯದೆ, ಮೂಡಲಗಿಯ ಬಸ್ಸು ನಿಂತದ್ದು ಕಂಡು ಹತ್ತಿಬಿಟ್ಟೆ. ವಾರದ ನಡುವಿನ ದಿನ. ಮಾತ್ರೆ ಒಯ್ಯುವುದಿರಲಿಲ್ಲ, ಹೇಳುವ ಸುದ್ದಿಯೂ ಇರಲಿಲ್ಲ.

ಅಕ್ಕ ಬಾಗಿಲು ತೆರೆದು ಹೆದರಿದಳು. "ಯಾಕ ಬಂದಿ? ಏನಾತು?"

ಫೋನು ಚೀಲದ ತಳದಲ್ಲೆಲ್ಲೋ ಇತ್ತು. ತೆಗೆಯಲಿಲ್ಲ. ಒದರಲೂ ಇಲ್ಲ. ಅವಳ ಕಣ್ಣೆದುರು ತುಟಿಯನ್ನಷ್ಟೇ ಆಡಿಸಿ, "ಸುಮ್ನ" ಎಂದೆ.

ಅಕ್ಕ ಒಳಗೆ ಸರಿದು ದಾರಿ ಬಿಟ್ಟಳು.