ಹುಲ್ಲಪ್ಪನ ಹೊಟ್ಟೆಯಲ್ಲಿ ನಿಂತುಹೋದ ಮಗ್ಗ

“ಚಿಗವ್ವಾ, ನಮ್ಮಪ್ಪ ಕುರಿ ಕಾದಾವ, ನಮ್ಮಜ್ಜ ಕುರಿ ಕಾದಾವ. ಬೀರಪ್ಪನ ಗುಡಿಯೊಳಗ ಡೊಳ್ಳ ಬಡಿಯೋ ಮನಿತನ ನಮ್ಮದು. ಅಂಥಾ ಮನ್ಯಾಗ ಹುಟ್ಟಿದಾಂವಗ ಹಾಲ ಒಗ್ಗಂಗಿಲ್ಲ ಅಂದ್ರ ಮಂದಿ ನಗೂದಿಲ್ಲೇನ? ಸಣ್ಣಾಂವ ಇದ್ದಾಗ ನಮ್ಮವ್ವ ಎಮ್ಮಿ ಹಿಂಡೂವಾಗ ಬಾಯಿ ತಗದ ನಿಲ್ತಿದ್ದೆ, ಚುರ್ ಅಂತ ಬಾಯಾಗ ಹಿಂಡ್ತಿದ್ಲು. ಏನೂ ಆಗ್ತಿರಲಿಲ್ಲ. ಮೀಸಿ ಬರೂ ಹೊತ್ತಿಗೆ ಏನಾತೋ ಏನೋ, ಒಂದ ವಾಟಗಾ ಹಾಲ ಕುಡದ್ರ ಸಾಕು, ಹೊಟ್ಟ್ಯಾಗ ಡೊಳ್ಳಿನ ಮ್ಯಾಳ ಸುರು. ಮ್ಯಾಳ ಮುಗಿಯೂದ್ರಾಗ ಚರಿಗಿ ಹಿಡದ ಓಡಬೇಕು. ಲಗ್ನದಾಗ ಅತ್ತಿ ಮನ್ಯಾರು ಹಾಲು ಕೊಟ್ಟಾಗ ಕುಡದಂಗ ಮಾಡಿ ಟಾವೆಲಿಗೆ ಕುಡಿಸಿದೆ. ಮಜ್ಜಿಗಿ ಎಷ್ಟ ಕುಡದ್ರೂ ನಡೀತೈತಿ, ಮೊಸರ ಉಂಡ್ರ ಏನಿಲ್ಲ. ಹಾಲ ಮಾತ್ರ ವೈರಿ. ಹಾಲ ಮಾರಿ ಬದಕಾಂವಗ ಹಾಲ ವೈರಿ, ನೋಡ ನನ್ನ ಹಣೇಬರ!”

ಗುಡೂರಿನ ನಮ್ಮ ಓಣಿಗೆ ಹಾಲು ಹಾಕುವ ಹುಲ್ಲಪ್ಪ ನನ್ನ ಕಟ್ಟೆಯ ಮೇಲೆ ಕುಳಿತು ಇಷ್ಟು ಹೇಳುವಾಗ ಅವನ ಕ್ಯಾನುಗಳು ತುಂಬಿಯೇ ಇದ್ದವು. ಆ ಬೆಳಗ್ಗೆ ಓಣಿಯಲ್ಲಿ ಯಾರೂ ಅವನಿಗೆ ಪಾತ್ರೆ ಹಿಡಿದಿರಲಿಲ್ಲ. “ಇವತ್ತ ಬ್ಯಾಡ ತಮ್ಮಾ” ಎಂದು ಬಾಗಿಲಲ್ಲೇ ಕಳಿಸಿದ್ದರು.

ಆಗಿದ್ದು ಇಷ್ಟೆ. ಹಿಂದಿನ ದಿನ ಬೀರಪ್ಪನ ಗುಡಿಯಲ್ಲಿ ಅಮಾವಾಸ್ಯೆಯ ಪೂಜೆ. ಪೂಜೆ ಮುಗಿದ ಮೇಲೆ ಎಡೆಯ ಹಾಲನ್ನು ಮೊದಲು ಡೊಳ್ಳು ಬಡಿದವರಿಗೆ ಕೊಡುವುದು ನಮ್ಮಲ್ಲಿಯ ಪದ್ಧತಿ. ಹುಲ್ಲಪ್ಪ ತನ್ನ ಪಾಲು ಹಿಡಿದು ಮೆಲ್ಲಗೆ ಗುಡಿಯ ಹಿಂದೆ ಹೋಗಿ ಬೇವಿನ ಬುಡಕ್ಕೆ ಸುರಿದ. ಅಲ್ಲಿಗೇ ತಂಬಾಕು ಉಗುಳಲು ಬಂದಿದ್ದ ನಮ್ಮ ಓಣಿಯ ಪಾಂಡಪ್ಪ ಅದನ್ನು ಕಂಡ. ಅದು ಹುಲ್ಲಪ್ಪನೇ ಗುಡಿಗೆ ಕೊಟ್ಟ ಹಾಲು. “ತನ್ನ ಎಮ್ಮಿ ಹಾಲ ತಾನ ಕುಡಿಯಂಗಿಲ್ಲಂದ್ರ ಅದರಾಗ ಏನ ಬೆರಸ್ಯಾನೋ!” ಎಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಅಂದ. ಪಾಂಡಪ್ಪ ಕೆಟ್ಟವನಲ್ಲ. ಅವನ ದನಿ ಮಾತ್ರ ದೊಡ್ಡದು.

ಹುಲ್ಲಪ್ಪನನ್ನು ಅವನು ಸಣ್ಣವನಿದ್ದಾಗಿನಿಂದ ನಾನು ಬಲ್ಲೆ. ಅಪ್ಪನ ಕುರಿಗಳು ಅಣ್ಣನ ಪಾಲಿಗೆ ಹೋದ ಮೇಲೆ ಎಮ್ಮೆ ಕಟ್ಟಿದ. ಎಮ್ಮೆಗಳಿಗೂ ಮರ್ಯಾದೆ ಕೊಟ್ಟು, “ಸ್ವಲ್ಪ ಸರೀರಿ ಬಾಯಾರ” ಎನ್ನುತ್ತಾನೆ. ಕೂಸಿರುವ ಮನೆಗೆ ಅಳತೆಯ ಮೇಲೆ ಇನ್ನೊಂದಿಷ್ಟು ಸುರಿಯುತ್ತಾನೆ. ಅಂಥವನ ಹಾಲನ್ನು ಊರು ಬಿಟ್ಟರೆ ಅವನ ಗತಿಯೇನು?

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ವಿದ್ಯಾ ಪಾತ್ರೆ ಹಿಡಿದು ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ತವರು ಗುಳೇದಗುಡ್ಡ, ಮನೆಯಲ್ಲಿ ಕುಪ್ಪಸದ ಖಣ ನೇಯುವ ಮಗ್ಗ. ಎಲ್ಲ ಕೇಳಿ ನಕ್ಕಳು.

“ಕಾಕಾ, ಖಣದ ಮಗ್ಗ ನೋಡೀರೇನ್ರಿ?”

“ನೋಡೇನವಾ. ಖಟಾಖಟಾ ಅಂತ ಕಿವಿ ಹೋಗ್ತಾವ.”

“ಮಗ್ಗದ ಮ್ಯಾಲ ತೂತ ಹೊಡದ ರಟ್ಟ ಇರ್ತಾವ ನೋಡ್ರಿ. ತೂತ ಹೇಳಿದಂಗ ಎಳಿ ಏಳ್ತಾವ, ನಕ್ಷಿ ಮೂಡ್ತೈತಿ. ನಮ್ಮ ಮೈಯಾಗ ಜೀವಕೋಶ ಅಂತ ಕಣ್ಣಿಗೆ ಕಾಣದಷ್ಟ ಸಣ್ಣವು ಇರ್ತಾವ. ಒಂದೊಂದೂ ಒಂದ ನೇಕಾರ ಮನಿ ಅಂತ ತಿಳೀರಿ. ಮೂಲ ನಕ್ಷಿ ಪೆಟ್ಟಿಗ್ಯಾಗ ಭದ್ರ, ಹೊರಗ ತಗಿಯಂಗಿಲ್ಲ. ಬೇಕಾದಷ್ಟಕ್ಕ ನಕಲು ಮಾಡಿ ಮಗ್ಗಕ್ಕ ಕಳಸ್ತಾವ. ಮಗ್ಗ ಅದನ್ನ ಓದಿಕೋಂತ ಮಣಿ ಪೋಣಿಸಿದಂಗ ಒಂದ ಸರ ಪೋಣಸ್ತೈತಿ. ಆ ಸರ ಮಡಚಿಕೊಂಡ ಒಂದ ಆಕಾರಕ್ಕ ಬಂದ್ರ ಅದ ಪ್ರೋಟೀನು.”

“ಬ್ಯಾಳ್ಯಾಗ ಇರ್ತೈತಿ ಅಂತಾರಲ್ಲ, ಅದನ?” ಎಂದೆ.

“ಅದ ಆಯಿ. ಬ್ಯಾಳಿ ಒಳಗಿನ ಸರ ಹೊಟ್ಟ್ಯಾಗ ಬಿಚ್ಚಿ ಮಣಿಮಣಿ ಆಗ್ತೈತಿ. ಅದ ಮಣಿ ತಗೊಂಡು ಮೈ ತನಗ ಬೇಕಾದ ಸರ ಕಟ್ಕೋತೈತಿ. ಹಿಂಗ ಆದ ಪ್ರೋಟೀನಿನ್ಯಾಗ ಕೆಲವಕ್ಕ ಕಿಣ್ವ ಅಂತಾರ. ಅವು ಬರೇ ಕೆಲಸಗಾರರು. ಹಾಲಿನ ಸಕ್ಕರಿ ಅಂದ್ರ ಎರಡ ತುಣಕ ಕೂಡಿದ್ದು. ಒಂದ ಕಿಣ್ವ ಅದನ್ನ ಹಿಡದ ನಡಬರಕ ಕಡೀತೈತಿ, ಬಿಡ್ತೈತಿ, ಮುಂದಿಂದಕ್ಕ ಬಾಯಿ ಹಾಕ್ತೈತಿ. ತಾ ಖರ್ಚ ಆಗಂಗಿಲ್ಲ.”

ನನ್ನ ಕೈಯಲ್ಲಿ ಅಡಕತ್ತರಿ ಇತ್ತು. ಕಟ್ ಎಂದು ಅಡಿಕೆ ಕತ್ತರಿಸಿ ತೋರಿಸಿದೆ. “ಹಿಂಗನ?”

“ಹಿಂಗ! ಅಡಕತ್ತರಿ ಬಾಯಿಗೆ ಅಡಿಕಿ ಕೂಡ್ತೈತಿ, ಟೆಂಗಿನಕಾಯಿ ಕೂಡಂಗಿಲ್ಲ. ಕಿಣ್ವದ್ದೂ ಹಂಗ, ಒಂದೊಂದಕ್ಕ ಒಂದೊಂದ ಕೆಲಸ.”

“ಹಂಗಾರ ನನ್ನ ಹೊಟ್ಟ್ಯಾಗಿನ ಅಡಕತ್ತರಿ ಯಾರ ಕದ್ರು?” ಎಂದ ಹುಲ್ಲಪ್ಪ.

“ಯಾರೂ ಕದ್ದಿಲ್ರಿ ಕಾಕಾ. ನಕ್ಷಿ ಪೆಟ್ಟಿಗ್ಯಾಗ ಹಂಗ ಐತಿ. ಕೂಸಿದ್ದಾಗ ಆ ಕಿಣ್ವ ಮಾಡೂ ಮಗ್ಗ ಜೋರ ನಡೀತಿತ್ತು. ದೊಡ್ಡವರಾದಂಗ ಭಾಳ ಮಂದಿಗೆ ಆ ನಕ್ಷಿದ ಮಗ್ಗ ನಿಂತಂಗ ಆಗ್ತೈತಿ. ಕಡೀಲಾರದ ಸಕ್ಕರಿ ದೊಡ್ಡ ಕರಳಿಗೆ ಹೋಗಿ ಅಲ್ಲಿದ್ದ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು ಗ್ಯಾಸ್ ಆಗ್ತೈತಿ. ಅದ ನಿಮ್ಮ ಡೊಳ್ಳು! ಮೊಸರಾದ್ರ, ಹೆಪ್ಪಿನೊಳಗಿನ ಜೀವಿಗಳು ಒಂದಿಷ್ಟ ಸಕ್ಕರಿ ಮೊದಲ ತಿಂದಿರ್ತಾವ, ಉಳದದ್ದಕ್ಕೂ ಹೊಟ್ಟ್ಯಾಗ ಕೈ ಹಚ್ಚತಾವ. ಅದಕ್ಕ ನಿಮಗ ನಡೀತೈತಿ.”

ಹುಲ್ಲಪ್ಪ ಎದ್ದು ನಿಂತ. “ಇದನ್ನೆಲ್ಲಾ ಪಾಂಡಪ್ಪಗ ಯಾರ ಹೇಳ್ಬೇಕು? ಎಲ್ಲಾರ ಮುಂದ ಒಂದ ಚರಿಗಿ ಹಾಲ ಗಟಗಟ ಕುಡದ ಬಿಡ್ತೇನಿ.”

ಅವನನ್ನು ಹುಡುಕಿಕೊಂಡು ಬಂದಿದ್ದ ಹೆಂಡತಿ ಹುಚ್ಚವ್ವ ಕಟ್ಟೆಯ ಬುಡದಲ್ಲೇ ತಡೆದಳು. “ಕುಡೀರಿ. ಆಮ್ಯಾಲ ಇನ್ನೊಂದ ಚರಿಗಿ ಹಿಡದ ನಾ ಬೆನ್ನ ಹತ್ತಲೇನ?” ಎಂದು ಒಂದು ಕ್ಯಾನು ಎತ್ತಿಕೊಂಡು ನೆಟ್ಟಗೆ ಪಾಂಡಪ್ಪನ ಮನೆಗೆ ನಡೆದಳು. ನಾನೂ ಹಿಂದೆ ಹೋದೆ.

ಪಾಂಡಪ್ಪನ ಹೆಂಡತಿ ಸಂಗವ್ವನ ಮುಂದೆ ಕ್ಯಾನು ಇಟ್ಟಳು. “ಯಕ್ಕಾ, ಈ ಹಾಲ ನಿಮ್ಮ ಗಡಿಗ್ಯಾಗ, ನಿಮ್ಮ ಕೈಲೆ ಹೆಪ್ಪ ಹಾಕ್ರಿ. ನಾಳಿ ಅದರ ಮಜ್ಜಿಗಿ ನಮ್ಮ ಮನ್ಯಾರು ಗುಡಿ ಮುಂದ ಕುಡೀತಾರ. ಏನರ ಬೆರಸಿದ್ರ ಅವರಿಗೂ ತಟ್ಟಲಿ.”

ಮರುದಿನ ಬೆಳಗ್ಗೆ ಗುಡಿಯ ಕಟ್ಟೆ ತುಂಬಿತ್ತು. ಸಂಗವ್ವ ಗಡಿಗೆ ತಂದು ಮೊದಲು ಎಲ್ಲರಿಗೂ ಮೊಸರು ತೋರಿಸಿದಳು. ಚಮಚ ನೆಟ್ಟಗೆ ನಿಂತಿತ್ತು. “ನೀರ ಬೆರಸಿದ್ರ ಹಿಂಗ ಹೆಪ್ಪ ಕೂಡ್ತಿತ್ತೇನ?” ಎಂದು ಗಂಡನ ಕಡೆ ನೋಡಿ ಅಲ್ಲೇ ಕಡೆದು ಮಜ್ಜಿಗೆ ಮಾಡಿ ಕೊಟ್ಟಳು. ಹುಲ್ಲಪ್ಪ ಒಂದು ಚರಿಗೆ ಕುಡಿದು ಮೀಸೆ ಒರೆಸಿಕೊಂಡ. ಆಮೇಲೆ ಹೊಟ್ಟೆಯ ಸುದ್ದಿಯನ್ನು ತಾನೇ, ಮುಚ್ಚುಮರೆ ಇಲ್ಲದೆ ಹೇಳಿದ.

ಜನ ಬಿದ್ದು ಬಿದ್ದು ನಕ್ಕರು. ಪಾಂಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಸಂಗವ್ವ ಸೆರಗು ಸರಿ ಮಾಡಿಕೊಂಡು ಕೇಳಿದಳು, “ನೀವ್ಯಾಕ ನಗ್ತೀರಿ? ಬಾಸುಂದಿ ಉಂಡ ದಿನಾ ಹಿತ್ತಲ ಬಾಗಲಾ ತಗದಿಡು ಅಂತೀರಲ್ಲ, ಅದೇನ?”

ಪಾಂಡಪ್ಪನ ನಗು ಅಲ್ಲೇ ನಿಂತಿತು. ಹಿಂದಿನಿಂದ ಯಾರೋ “ನನಗೂ ಹಂಗ ಆಗ್ತೈತಿ” ಎಂದರು. ಇನ್ನೊಬ್ಬರೂ ಅಂದರು. ಹುಲ್ಲಪ್ಪ ಡೊಳ್ಳು ಹೆಗಲಿಗೇರಿಸಿ ಹೊತ್ತೇರುವ ತನಕ ಬಡಿದ. ಹೊಟ್ಟೆಯೊಳಗಿನ ಮೇಳ ಸುಮ್ಮನಿತ್ತು.

ಮನೆಗೆ ಹೊರಟಾಗ ಪಾಂಡಪ್ಪ ಅವನ ಜೊತೆಗೆ ನಡೆದ. “ಲೇ ಹುಲ್ಯಾ, ನಾ ಹಂಗ ಅನಬಾರದಿತ್ತು. ಹುಡುಗರಿಗೆ ಹಾಲ ಹಾಕು. ನನಗ ಮೊಸರ ಹಾಕಲೇ.”

ಸಂಜೆ ನಾನು ಹುಲ್ಲಪ್ಪನ ಮನೆಗೆ ಹೋದಾಗ ಅವನು ಒಲೆಯ ಮುಂದೆ ಇದ್ದ. ಕಾಯಿಸಿ ಇಳಿಸಿದ ಹಾಲಿಗೆ ಬೆರಳದ್ದಿ ನೋಡಿದ. “ಇನ್ನೂ ಬಿಸಿ ಐತಿ, ಹೆಪ್ಪಿನ ಜೀವಾ ಸತ್ತಾವು” ಎಂದು ಕಾದ. ಹದಕ್ಕೆ ಬಂದ ಮೇಲೆ ಹುಚ್ಚವ್ವ ಕೊಟ್ಟ ಒಂದು ಚಮಚ ಮೊಸರು ಹಾಕಿ ಮೆಲ್ಲಗೆ ಕಲಕಿದ. ಗಡಿಗೆಯ ಮೇಲೆ ತಾಟು ಮುಚ್ಚಿ, ಹಳೆಯ ಕಂಬಳಿಯ ತುಂಡು ಸುತ್ತಿ, ಒಲೆಯ ಮಗ್ಗುಲಿಗೆ ಸರಿಸಿದ. ಆಮೇಲೆ ಪಾಂಡಪ್ಪನ ಪಾಲಿನ ಗಡಿಗೆಯನ್ನು ಎಳೆದುಕೊಂಡ.